ಗೋಲು ಕಾಯುವವನ ಬಾಳು

ಕೆಲಸಗಳಲ್ಲಿ ಎರಡು ಬಗೆ ಉಂಟು. ಆಗಬೇಕಾದುದನ್ನು ಆಗಿಸುವ ಕೆಲಸ ಒಂದು. ಆಗಬಾರದುದು ಆಗದಂತೆ ನೋಡಿಕೊಳ್ಳುವ ಕೆಲಸ ಇನ್ನೊಂದು. ಮೊದಲನೆಯದಕ್ಕೆ ಸಾಕ್ಷಿ ಇರುತ್ತದೆ. ಬಿತ್ತಿದವನ ದುಡಿಮೆಯನ್ನು ಬೆಳೆ ಹೇಳುತ್ತದೆ, ಕಟ್ಟಿದವನ ದುಡಿಮೆಯನ್ನು ಮನೆ ಹೇಳುತ್ತದೆ. ಎರಡನೆಯದಕ್ಕೆ ಅಂಥ ಸಾಕ್ಷಿ ಇಲ್ಲ. ತೆನೆಗಟ್ಟಿದ ಜೋಳದ ಹೊಲದಲ್ಲಿ ಅಟ್ಟದ ಮೇಲೆ ನಿಂತು, ಕವಣೆ ಬೀಸಿ ಹಕ್ಕಿ ಕಾಯುವವನ ಶ್ರಮವನ್ನು ಅಳೆಯುವುದು ಹೇಗೆ? ಹಕ್ಕಿ ತಿನ್ನದೆ ಉಳಿದ ಕಾಳನ್ನು ಯಾರೂ ಎಣಿಸುವುದಿಲ್ಲ. ತಿಂದುಹೋದ ಒಂದು ತೆನೆಯನ್ನು ಮಾತ್ರ ಹೊಲದ ಯಜಮಾನ ಸಂಜೆ ಬಂದು ಎತ್ತಿ ತೋರಿಸುತ್ತಾನೆ.

ಆಟದ ಬಯಲಿನಲ್ಲಿ ಹೀಗೆ ಕಾಯುವವನೊಬ್ಬನಿದ್ದಾನೆ. ಅವನೇ ಗೋಲ್‌ಕೀಪರ್. ಉಳಿದವರೆಲ್ಲ ಚೆಂಡಿನ ಬೆನ್ನು ಹತ್ತಿ ಓಡುವಾಗ ಇವನು ಚೆಂಡು ತನ್ನೆಡೆಗೆ ಬರುವುದನ್ನು ಕಾದು ನಿಲ್ಲುತ್ತಾನೆ. ಮುಂದಾಳು ಹತ್ತು ಸಲ ಗುರಿ ತಪ್ಪಿ ಹನ್ನೊಂದನೆಯ ಸಲ ಗೋಲು ಹೊಡೆದರೆ ಅವನನ್ನು ಹೆಗಲ ಮೇಲೆ ಹೊರುತ್ತಾರೆ. ಕಾಯುವವನು ಹತ್ತನ್ನು ತಡೆದು ಹನ್ನೊಂದನೆಯದನ್ನು ಬಿಟ್ಟರೆ ಸೋಲಿನ ಮಾತೆಲ್ಲ ಅವನ ತಲೆಯ ಮೇಲೆಯೇ ಬರುತ್ತದೆ. ಇಂಥ ಕೆಲಸವನ್ನು ಜೀವನವೃತ್ತಿಯಾಗಿ ಹಿಡಿದವರ ಬಾಳು ಎಂಥದು, ಅವರಿಗೆ ಸಮಾಜ ಕೊಟ್ಟ ಪ್ರತಿಫಲ ಎಷ್ಟು ಎಂಬುದನ್ನು ಈ ಹೊತ್ತು ಕೊಂಚ ವಿಚಾರ ಮಾಡೋಣ. ಶೀತದೇಶಗಳ ಹಿಮದ ಹಾಕಿಯಿಂದ ಮಾತು ತೊಡಗಿ, ನಮ್ಮ ನಾಡಿನ ಹಾಕಿಗೆ ಬರುತ್ತೇನೆ.

ಹಿಮದ ಆಟದ ಮಾತನ್ನು ವಡಗೇರಾ ಕಡೆಯವನೊಬ್ಬ ಆಡುವುದು ಕೇಳುಗರಿಗೆ ಸೋಜಿಗವೆನಿಸಬಹುದು. ನಮ್ಮದು ಭೀಮೆ ಕೃಷ್ಣೆಯರ ನಡುವಣ ಎರೆಯ ನೆಲ. ಹಿಂದೆ ಶಹಾಪುರ ತಾಲ್ಲೂಕಿಗೆ ಸೇರಿದ್ದು, ಈಗ ತಾನೇ ಒಂದು ತಾಲ್ಲೂಕಾಗಿ ನಿಂತಿದೆ. ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ನಮ್ಮ ಮಂದಿಗೆ ಹಿಮವೆಂದರೆ ಯಾದಗಿರಿಯ ಸರಬತ್ತಿನ ಅಂಗಡಿಯಲ್ಲಿ ಗೋಣಿತಟ್ಟಿನೊಳಗೆ ಸುತ್ತಿಟ್ಟ ಬರಫಿನ ಗಡ್ಡೆ. ಅದರ ಮೇಲೆ ನಿಂತು ಆಡಬಹುದೆಂದು ಹೇಳಿದರೆ ಮಕ್ಕಳು ನಗುತ್ತಾರೆ. ಆದರೆ ಕಾಯುವವನ ಕಷ್ಟಕ್ಕೆ ದೇಶಭೇದವಿಲ್ಲ. ಕೆನಡಾದ ಹಿಮದಲ್ಲಿ ಅವನಿಗೆ ಆಗುವುದೇ ಬೆಂಗಳೂರಿನ ಮಣ್ಣಿನಲ್ಲಿಯೂ ಆಗುತ್ತದೆ. ಅದಕ್ಕಾಗಿಯೇ ಎರಡನ್ನೂ ಜೊತೆಗಿಟ್ಟು ನೋಡಬೇಕೆಂದು ನನಗೆ ಅನಿಸಿತು.

ಮೊದಲು ಆಟದ ಪರಿಚಯ. ಉತ್ತರ ಅಮೆರಿಕದ ವೃತ್ತಿ ಆಟದಲ್ಲಿ ಹಿಮದ ಅಂಗಳ 200 ಅಡಿ ಉದ್ದ, 85 ಅಡಿ ಅಗಲ. ಒಂದೊಂದು ಪಕ್ಷಕ್ಕೆ ಆರು ಜನ. ಅವರಲ್ಲಿ ಒಬ್ಬ ಕಾಯುವವನು. ಇಪ್ಪತ್ತು ಇಪ್ಪತ್ತು ನಿಮಿಷಗಳ ಮೂರು ಅವಧಿಗಳಲ್ಲಿ ಆಟ ಮುಗಿಯುತ್ತದೆ. ಚೆಂಡಿನ ಬದಲು ಬಿಲ್ಲೆಯಾಕಾರದ ಗಟ್ಟಿ ರಬ್ಬರಿನ ತುಂಡು ಇರುತ್ತದೆ. ಅದನ್ನು ಪಕ್ ಎನ್ನುತ್ತಾರೆ. ಅದರ ಅಡ್ಡಳತೆ ಮೂರು ಅಂಗುಲ, ದಪ್ಪ ಒಂದು ಅಂಗುಲ, ತೂಕ 156ರಿಂದ 170 ಗ್ರಾಂ. ನಮ್ಮ ಹಾಕಿಯ ಚೆಂಡಿನ ತೂಕವೂ 156ರಿಂದ 163 ಗ್ರಾಂ. ಎಂದರೆ ಈ ಇಬ್ಬರು ಕಾವಲುಗಾರರ ಮೈಗೆ ಬಂದು ಬಡಿಯುವ ವಸ್ತುವಿನ ಭಾರ ಹೆಚ್ಚುಕಡಿಮೆ ಒಂದೇ.

ಕಾಯಬೇಕಾದ ಬಾಗಿಲು ಮಾತ್ರ ಬೇರೆ. ಹಿಮದ ಹಾಕಿಯ ಗೋಲು 6 ಅಡಿ ಅಗಲ, 4 ಅಡಿ ಎತ್ತರ. ನಮ್ಮ ಹಾಕಿಯದು 12 ಅಡಿ ಅಗಲ, 7 ಅಡಿ ಎತ್ತರ. ವಿಸ್ತಾರದಲ್ಲಿ ಮೂರೂವರೆ ಪಟ್ಟು. ಹಿಮದ ಆಟದಲ್ಲಿ ಬಾಗಿಲು ಕಿರಿದಾದರೂ ಹೊಡೆತಗಳು ಹೆಚ್ಚು, ವೇಗವೂ ಹೆಚ್ಚು. ಬಲಶಾಲಿಯಾದ ಆಟಗಾರ ಹೊಡೆದ ಪಕ್ ಗಂಟೆಗೆ 160 ಕಿಲೋಮೀಟರ್ ವೇಗವನ್ನು ದಾಟುವುದುಂಟು. ಇಪ್ಪತ್ತು ಮೀಟರ್ ದೂರದಿಂದ ಹೊಡೆದರೆ ಅದು ಗೋಲನ್ನು ಮುಟ್ಟಲು ಅರ್ಧ ಸೆಕೆಂಡು ಸಹ ಬೇಡ. ಹತ್ತು ಮೀಟರಿನಿಂದ ಹೊಡೆದರೆ ಕಾಲು ಸೆಕೆಂಡಿಗೂ ಕಡಿಮೆ. ಕಣ್ಣು ಕಂಡುದನ್ನು ಕೈಕಾಲು ತಿಳಿದುಕೊಂಡು ಅಲುಗುವುದಕ್ಕೇ ಸುಮಾರು ಸೆಕೆಂಡಿನ ಐದರಲ್ಲೊಂದು ಪಾಲು ಹಿಡಿಯುತ್ತದೆ. ಆದುದರಿಂದ ಹೊಡೆತವನ್ನು ಕಂಡಮೇಲೆ ತಡೆಯುತ್ತೇನೆನ್ನುವವನು ತಡೆಯಲಾರ. ಹೊಡೆಯುವವನ ಭುಜ ತಿರುಗಿದ ಬಗೆ, ಕೋಲು ಬಾಗಿದ ಬಗೆ, ಅವನ ಕಾಲಿನ ತೂಕ ಎಲ್ಲಿದೆ ಎಂಬುದು, ಇವನ್ನೆಲ್ಲ ಮುಂಚಿತವಾಗಿ ಓದಿಕೊಂಡು, ಪಕ್ ಬರುವ ದಾರಿಯಲ್ಲಿ ಮೊದಲೇ ನಿಂತಿರಬೇಕು. ಎರಡು ಹೆಜ್ಜೆ ಮುಂದೆ ಬಂದು ನಿಂತರೆ ಹೊಡೆಯುವವನ ಕಣ್ಣಿಗೆ ಬಾಗಿಲು ಕಿರಿದಾಗಿ ಕಾಣುತ್ತದೆ. ತೀರ ಮುಂದೆ ಬಂದರೆ ಬೆನ್ನ ಹಿಂದೆ ಬಯಲಾಗುತ್ತದೆ. ಆ ಎರಡು ಹೆಜ್ಜೆಗಳ ಲೆಕ್ಕಾಚಾರವೇ ಈ ವಿದ್ಯೆಯ ಸಾರ.

ಈ ಆಟದ ಹೆಸರಾಂತ ವೃತ್ತಿಕೂಟವಾದ ನ್ಯಾಷನಲ್ ಹಾಕಿ ಲೀಗ್ ಕೆನಡಾದಲ್ಲಿ 1917ರಲ್ಲಿ ಹುಟ್ಟಿತು. ಆಗ ಕಾಯುವವನು ಹಿಮದ ಮೇಲೆ ಬೀಳುವುದಕ್ಕೆ ಅಪ್ಪಣೆಯೇ ಇರಲಿಲ್ಲ. ನಿಂತೇ ತಡೆಯಬೇಕು, ಬಿದ್ದರೆ ದಂಡ. ಕ್ಲಿಂಟ್ ಬೆನೆಡಿಕ್ಟ್ ಎಂಬ ಚತುರನೊಬ್ಬ ಆಗಾಗ ಕಾಲು ಜಾರಿದವನಂತೆ ಮಂಡಿಯೂರಿ ಬೀಳುತ್ತಿದ್ದ. ಪ್ರಾರ್ಥನೆ ಮಾಡುವ ಬೆನ್ನಿ ಎಂದು ಜನ ಅವನನ್ನು ಗೇಲಿ ಮಾಡಿದರು. ಪ್ರತಿ ಸಲವೂ ನಿಜವಾಗಿ ಬಿದ್ದನೋ ಬೇಕೆಂದೇ ಬಿದ್ದನೋ ಎಂದು ತೀರ್ಪು ಕೊಡಲಾರದೆ ಸಾಕಾದ ಹಿರಿಯರು 1918ರ ಜನವರಿಯಲ್ಲಿ ಆ ನಿಯಮವನ್ನೇ ತೆಗೆದುಹಾಕಿದರು. ಇಂದು ಕಾಯುವವನು ಮಂಡಿಯೂರಿ ಎರಡು ಕಾಲನ್ನೂ ಅಗಲಿಸಿ ಗೋಲಿನ ಕೆಳಭಾಗವನ್ನೆಲ್ಲ ಮುಚ್ಚುವ ಭಂಗಿ ಸಾಧಾರಣವಾಗಿದೆ. ಅದರ ಬೀಜ ಆ ಕಳ್ಳಬೀಳಿನಲ್ಲಿದೆ ಎನ್ನಬಹುದು.

ಅದೇ ಕಾಲದಲ್ಲಿ ಮಾಂಟ್ರಿಯಲ್ ನಗರದ ಕೆನೆಡಿಯನ್ಸ್ ತಂಡಕ್ಕೆ ಜಾರ್ಜ್ ವೆಜಿನಾ ಎಂಬುವನಿದ್ದ. 1910ರಿಂದ ಹದಿನೈದು ವರ್ಷ ಒಂದು ಪಂದ್ಯವನ್ನೂ ತಪ್ಪಿಸದೆ ಆತ ಗೋಲು ಕಾದ. 1925ರ ನವೆಂಬರ್ 28ರಂದು ಮೈಯಲ್ಲಿ ಸುಡುವ ಜ್ವರವಿದ್ದಾಗಲೂ ಅಂಗಳಕ್ಕಿಳಿದ. ಮೊದಲ ಅವಧಿಯ ಹೊತ್ತಿಗೆ ಕುಸಿದ. ಅವನಿಗೆ ಕ್ಷಯ ಹಿಡಿದಿತ್ತು. ಮರುವರ್ಷ ಮಾರ್ಚ್ 27ರಂದು ತೀರಿಕೊಂಡ. ಅವನ ಹೆಸರಿನ ಪದಕವನ್ನು ಇಂದಿಗೂ ಉತ್ತಮ ಗೋಲ್‌ಕೀಪರನಿಗೆ ಕೊಡುತ್ತಾರೆ. ಜ್ವರದಲ್ಲಿಯೂ ಏಕೆ ಇಳಿದ ಎಂದು ಕೇಳಿದರೆ ಶೌರ್ಯ ಎಂದು ಹೇಳಿ ಸುಮ್ಮನಾಗಬಹುದು. ಆದರೆ ಈ ವೃತ್ತಿಯ ಕಟ್ಟನ್ನು ನೋಡಿದರೆ ಇನ್ನೊಂದು ಕಾರಣವೂ ತೋರುತ್ತದೆ.

1942ರಿಂದ 1967ರವರೆಗೆ ಆ ಲೀಗಿನಲ್ಲಿದ್ದುದು ಬರಿಯ ಆರು ತಂಡಗಳು. ತಂಡಕ್ಕೆ ಒಬ್ಬ ಗೋಲ್‌ಕೀಪರ್. ಎಂದರೆ ಆ ದರ್ಜೆಯ ಹುದ್ದೆ ಲೋಕದಲ್ಲಿಯೇ ಆರು! ಕೆಳದರ್ಜೆಯ ಕೂಟಗಳಲ್ಲಿ ಎಷ್ಟೋ ಯುವಕರು ಆ ಆರರಲ್ಲಿ ಒಂದು ತೆರವಾಗುವುದನ್ನೇ ಕಾಯುತ್ತಿದ್ದರು. ಪಂದ್ಯದ ನಡುವೆ ಗಾಯವಾದರೆ ಬದಲಿಗೆ ನಿಲ್ಲಲು ತಂಡದ ಎರಡನೆಯ ಕಾವಲುಗಾರನೂ ಇರುತ್ತಿರಲಿಲ್ಲ; ಆಟ ನಿಲ್ಲಿಸಿ, ಒಳಗೆ ಕರೆದೊಯ್ದು ಹೊಲಿಗೆ ಹಾಕಿ, ಮತ್ತೆ ಅವನನ್ನೇ ತಂದು ನಿಲ್ಲಿಸುತ್ತಿದ್ದರು. ತಂಡಗಳು ಇಬ್ಬರನ್ನು ಸಿದ್ಧವಾಗಿಡಲೇಬೇಕೆಂಬ ಕಟ್ಟಳೆ ಬಂದುದು 1965ರಲ್ಲಿ. ಹೀಗಿರುವಾಗ ಮೈಗೆ ನೋವಿದೆ, ಜ್ವರವಿದೆ ಎಂದು ಬಾಯಿ ಬಿಟ್ಟರೆ ಅನ್ನವೇ ಹೋಗುವ ಭಯ. ನೋವನ್ನು ನುಂಗುವುದು ಶೌರ್ಯದಷ್ಟೇ ಹೊಟ್ಟೆಪಾಡಿನ ಮಾತೂ ಆಗಿತ್ತು.

ಆ ಆರು ಹುದ್ದೆಗಳಲ್ಲಿ ಒಂದನ್ನು ಹಿಡಿದಿದ್ದವನು ಟೆರ್ರಿ ಸಾಚಕ್. ಎದುರಾಳಿಗೆ ಒಂದೂ ಗೋಲು ಕೊಡದೆ 103 ಪಂದ್ಯಗಳನ್ನು ಮುಗಿಸಿದ ದಾಖಲೆ ಅವನದು. 2009ರವರೆಗೆ ಅದನ್ನು ಯಾರೂ ದಾಟಲಿಲ್ಲ. ಅವನ ಮುಖಕ್ಕೆ ಬಿದ್ದ ಹೊಲಿಗೆಗಳು 400ಕ್ಕೂ ಹೆಚ್ಚು. 1970ರಲ್ಲಿ, ನಲವತ್ತರ ವಯಸ್ಸಿಗೇ ಆತ ತೀರಿಹೋದ. ಇನ್ನೊಬ್ಬ ಗ್ಲೆನ್ ಹಾಲ್. 1955ರಿಂದ 1962ರವರೆಗೆ ಎಡೆಬಿಡದೆ 502 ಪಂದ್ಯಗಳನ್ನು, ಮುಖಕ್ಕೆ ಏನೂ ಕಟ್ಟಿಕೊಳ್ಳದೆ ಆಡಿದ. ಪಂದ್ಯಕ್ಕೆ ಮುನ್ನ ಅಳುಕಿನಿಂದ ವಾಂತಿ ಮಾಡಿಕೊಂಡು, ಬಾಯಿ ತೊಳೆದು ಅಂಗಳಕ್ಕೆ ಬರುವುದು ಅವನಿಗೆ ರೂಢಿಯೇ ಆಗಿಹೋಗಿತ್ತು. ಧೈರ್ಯವೆಂದರೆ ಭಯವಿಲ್ಲದಿರುವುದು ಎಂದು ತಿಳಿದವರು ಈ ಮನುಷ್ಯನನ್ನು ನೆನೆಯಬೇಕು.

ಈ ಪದ್ಧತಿಯನ್ನು ಮುರಿದವನು ಜಾಕ್ ಪ್ಲಾಂಟ್. ಅಭ್ಯಾಸದಲ್ಲಿ ಅವನು ನಾರುಗಾಜಿನಿಂದ ಮಾಡಿದ ಮುಖವಾಡ ತೊಡುತ್ತಿದ್ದ. ಪಂದ್ಯದಲ್ಲಿ ತೊಡಲು ತಂಡದ ಗುರು ಟೋ ಬ್ಲೇಕ್ ಒಪ್ಪುತ್ತಿರಲಿಲ್ಲ. ಮುಖವಾಡದಿಂದ ನೋಟ ಕೆಡುತ್ತದೆ ಎಂಬುದು ಒಂದು ವಾದ. ಹೆದರಿದವನು ಮುಖ ಮುಚ್ಚಿಕೊಳ್ಳುತ್ತಾನೆ ಎಂಬುದು ಬಾಯಿಬಿಡದ ಇನ್ನೊಂದು ವಾದ. 1959ರ ನವೆಂಬರ್ 1ರಂದು ನ್ಯೂಯಾರ್ಕಿನಲ್ಲಿ ಆಂಡಿ ಬಾತ್‌ಗೇಟ್ ಹೊಡೆದ ಪಕ್ ಪ್ಲಾಂಟನ ಮುಖಕ್ಕೆ ಬಡಿದು ಮೂಗು ಸೀಳಿತು. ಹೊಲಿಗೆ ಹಾಕಿಸಿಕೊಂಡ ಮೇಲೆ, ಮುಖವಾಡವಿಲ್ಲದೆ ಅಂಗಳಕ್ಕೆ ಬರಲಾರೆ ಎಂದು ಅವನು ಹಟ ಹಿಡಿದ. ಬದಲಿ ಆಳಿಲ್ಲ, ಗುರು ಒಪ್ಪಲೇಬೇಕಾಯಿತು. ತಂಡ ಅಂದು 3-1ರಿಂದ ಗೆದ್ದಿತು. ಅಷ್ಟೇ ಅಲ್ಲ, ಅಲ್ಲಿಂದ ಮುಂದೆ ಒಟ್ಟು ಹದಿನೆಂಟು ಪಂದ್ಯಗಳಲ್ಲಿ ಸೋಲನ್ನೇ ಕಾಣಲಿಲ್ಲ. ಆಮೇಲೆ ನೋಟ ಕೆಡುತ್ತದೆಂಬ ವಾದಕ್ಕೆ ಬೆಲೆ ಉಳಿಯಲಿಲ್ಲ. ಆದರೂ ರೂಢಿ ಎಷ್ಟು ಗಟ್ಟಿ ನೋಡಿ: ಆ ಲೀಗಿನಲ್ಲಿ ಬರಿಮುಖದಿಂದ ಗೋಲು ಕಾದ ಕೊನೆಯವನು ಅಂಗಳ ಬಿಟ್ಟದ್ದು 1974ರಲ್ಲಿ. ಒಂದು ಒಳ್ಳೆಯ ಮಾತನ್ನು ಕಣ್ಣಾರೆ ಕಂಡಮೇಲೂ ಎಲ್ಲರೂ ಒಪ್ಪಲು ಹದಿನೈದು ವರ್ಷ ಬೇಕಾಯಿತು.

ಇಂದು ಅದೇ ಲೀಗಿನಲ್ಲಿ 32 ತಂಡಗಳಿವೆ; ತಂಡಕ್ಕೆ ಇಬ್ಬರು. ಮುಖವಾಡ, ಎದೆಗಾಪು, ಕಾಲ್ಗಾಪು, ದಪ್ಪ ಕೈಗವಸು ಎಲ್ಲ ಸೇರಿ 18-20 ಕಿಲೋ ಭಾರವನ್ನು ಕಾಯುವವನು ಹೊರುತ್ತಾನೆ. ಹದಿನೆಂಟರ ವಯಸ್ಸಿನಲ್ಲಿ ಆಯ್ಕೆಯಾದ ಹುಡುಗ ಕೆಳಕೂಟಗಳಲ್ಲಿ ಹಲವು ವರ್ಷ ಕಳೆದು, ಇಪ್ಪತ್ತೈದರ ಸುಮಾರಿಗೆ ಮೇಲೆ ಬಂದರೆ ಅದೃಷ್ಟವಂತ. ಬಂದಮೇಲೂ ಇಬ್ಬರಲ್ಲಿ ಒಬ್ಬನು ಬಹುಪಾಲು ದಿನ ಬೆಂಚಿನ ಮೇಲೆ ಕೂತು ನೋಡುತ್ತಾನೆ. ಅವರ ಯೋಗ್ಯತೆಯನ್ನು ಅಳೆಯುವ ಒಂದು ಅಂಕಿ ಇದೆ: ಬಂದ ಹೊಡೆತಗಳಲ್ಲಿ ನೂರಕ್ಕೆ ಎಷ್ಟನ್ನು ತಡೆದ ಎಂಬುದು. ತೊಂಬತ್ತು, ತೊಂಬತ್ತೊಂದು ತಡೆದವನು ಒಳ್ಳೆಯವನು. ನೂರಕ್ಕೆ ತೊಂಬತ್ತರಷ್ಟು ಸರಿ ಮಾಡಿದವನಿಗೆ ಶಾಲೆಯಲ್ಲಿ ಮೊದಲ ದರ್ಜೆ ಸಿಗುತ್ತದೆ. ಇಲ್ಲಿ ಉಳಿದ ಹತ್ತನ್ನೇ ಜನ ಕೇಳುತ್ತಾರೆ. ಆದರೂ ಈ ಅಂಕಿಯಿಂದ ಒಂದು ಉಪಕಾರವಾಯಿತು. ತಡೆದುದನ್ನೂ ಎಣಿಸುವ ಅಭ್ಯಾಸ ಹುಟ್ಟಿತು.

ಈ ಸ್ಥಾನದ ವಿಚಿತ್ರವನ್ನು ತೋರಿಸುವ ಇನ್ನೊಂದು ಘಟನೆಯನ್ನು ಹೇಳಲೇಬೇಕು. 2020ರ ಫೆಬ್ರವರಿ 22ರಂದು ಟೊರಾಂಟೋ ನಗರದ ಪಂದ್ಯದಲ್ಲಿ ಅತಿಥಿ ತಂಡವಾದ ಕ್ಯಾರೊಲಿನಾದ ಇಬ್ಬರು ಗೋಲ್‌ಕೀಪರರಿಗೂ ಗಾಯವಾಯಿತು. ಅಂಥ ಹೊತ್ತಿಗೆಂದು ಕ್ರೀಡಾಂಗಣದಲ್ಲಿ ಸಿದ್ಧವಾಗಿಟ್ಟ ಸ್ಥಳೀಯನೊಬ್ಬನನ್ನು ಇಳಿಸುವುದು ಆಗಿನ ನಿಯಮ. ಅಂದು ಇಳಿದವನು ಡೇವಿಡ್ ಏರ್ಸ್. ವಯಸ್ಸು ನಲವತ್ತೆರಡು, ಹಿಮದ ಅಂಗಳವನ್ನು ನುಣುಪು ಮಾಡುವ ಯಂತ್ರ ಓಡಿಸುವುದು ಅವನ ಕೆಲಸಗಳಲ್ಲಿ ಒಂದಾಗಿತ್ತು, ತಾಯಿ ಕೊಟ್ಟ ಮೂತ್ರಪಿಂಡದಿಂದ ಬದುಕಿದ್ದವನು. ಮೊದಲ ಎರಡು ಹೊಡೆತ ಅವನನ್ನು ದಾಟಿ ಹೋದವು. ಆಮೇಲಿನ ಎಂಟನ್ನೂ ತಡೆದ. ಅವನು ನಿಂತ ತಂಡ 6-3ರಿಂದ ಗೆದ್ದಿತು. ಅಂಗಳ ಒರೆಸುವವನಿಗೂ ಬಾಗಿಲು ಕಾಯುವವನಿಗೂ ಅಂತರ ಬಹಳವಿಲ್ಲವೆಂದು ಆ ರಾತ್ರಿ ಸಾರಿದಂತಾಯಿತು.

ಇನ್ನು ನಮ್ಮ ನಾಡಿಗೆ ಬರೋಣ. ಭಾರತದ ಹಾಕಿ ಎಂದೊಡನೆ ಧ್ಯಾನ್‌ಚಂದರ ಹೆಸರು ನಾಲಗೆಗೆ ಬರುತ್ತದೆ, ಬರಬೇಕಾದದ್ದೇ. ಆದರೆ 1928ರ ಆಮ್‌ಸ್ಟರ್‌ಡಾಮ್ ಒಲಿಂಪಿಕ್ಸಿನಲ್ಲಿ ಭಾರತ 29 ಗೋಲು ಹೊಡೆದು ಒಂದನ್ನೂ ಕೊಡದೆ ಚಿನ್ನ ಗೆದ್ದಾಗ, ಆ ಸೊನ್ನೆಯನ್ನು ಕಾದುಕೊಂಡವನು ರಿಚರ್ಡ್ ಆಲೆನ್. ಇಪ್ಪತ್ತೊಂಬತ್ತನ್ನು ಎಲ್ಲರೂ ನೆನೆದರು, ಸೊನ್ನೆಯನ್ನು ನೆನೆದವರು ವಿರಳ. ನಾಲ್ಕು ವರ್ಷಗಳ ಬಳಿಕ ಲಾಸ್ ಏಂಜಲಿಸಿನಲ್ಲಿ ಅಮೆರಿಕವನ್ನು 24-1ರಿಂದ ಸೋಲಿಸಿದ ಪಂದ್ಯದಲ್ಲಿ, ಕೆಲಸವಿಲ್ಲದೆ ಬೇಸತ್ತ ಆಲೆನ್ ಗೋಲಿನ ಹಿಂದೆ ಹೋಗಿ ಅಭಿಮಾನಿಗಳಿಗೆ ಸಹಿ ಹಾಕುತ್ತಿದ್ದಾಗ ಆ ಒಂದು ಗೋಲು ಬಿತ್ತೆಂಬ ಕಥೆ ಪ್ರಚಾರದಲ್ಲಿದೆ. ನೋಡಿ, ಅವನ ಬಗ್ಗೆ ಉಳಿದುಕೊಂಡ ಕಥೆಯೂ ಬಿಟ್ಟ ಗೋಲಿನದೇ.

ಆಮೇಲಿನ ಹಿರಿಯ ಹೆಸರು ಶಂಕರ್ ಲಕ್ಷ್ಮಣ್. ಮಧ್ಯಪ್ರದೇಶದ ಮಹೂವಿನವರು. 1947ರಲ್ಲಿ ಸೇನೆಯ ವಾದ್ಯವೃಂದಕ್ಕೆ ಸೇರಿ, ಮರಾಠಾ ಲಘು ಪದಾತಿದಳದಲ್ಲಿ ಸೇವೆ ಸಲ್ಲಿಸಿದರು. ಆ ದಳದ ಕೇಂದ್ರ ನಮ್ಮ ಬೆಳಗಾವಿಯಲ್ಲಿಯೇ ಇದೆ. 1956, 1960, 1964ರ ಮೂರು ಒಲಿಂಪಿಕ್ಸುಗಳಲ್ಲಿ ಅವರು ಗೋಲು ಕಾದರು. ಎರಡು ಚಿನ್ನ, ಒಂದು ಬೆಳ್ಳಿ. 1964ರ ಟೋಕಿಯೋ ಅಂತಿಮದಲ್ಲಿ ಪಾಕಿಸ್ತಾನದ ಎದುರು ಭಾರತ ಹೊಡೆದದ್ದು ಒಂದೇ ಗೋಲು. ಲಕ್ಷ್ಮಣರು ಒಂದನ್ನೂ ಬಿಡದಿದ್ದುದರಿಂದ ಅದೇ ಚಿನ್ನವಾಯಿತು. 1966ರ ಏಷ್ಯನ್ ಕ್ರೀಡೆಗಳಲ್ಲಿ ನಾಯಕರಾಗಿ ಚಿನ್ನ ತಂದರು. ಅರ್ಜುನ ಪ್ರಶಸ್ತಿ, ಪದ್ಮಶ್ರೀ ಎರಡೂ ಬಂದವು. 2006ರ ಏಪ್ರಿಲಿನಲ್ಲಿ, ಕಾಲು ಕೊಳೆತು, ಕೈಯಲ್ಲಿ ಹಣವಿಲ್ಲದೆ, ಮಹೂವಿನಲ್ಲಿ ತೀರಿಕೊಂಡರು. ಯಾವ ಕಾಲಿನಿಂದ ದೇಶದ ಬಾಗಿಲು ಕಾದರೋ ಆ ಕಾಲೇ ಕೊಳೆಯಿತು.

ಕರ್ನಾಟಕದ ಮಟ್ಟಿಗೆ ಈ ವೃತ್ತಿಯ ಕಥೆಯೆಂದರೆ ಮ್ಯಾನುಯಲ್ ಫ್ರೆಡರಿಕ್ ಅವರ ಕಥೆ. ಹುಟ್ಟಿದ್ದು 1947ರ ಅಕ್ಟೋಬರ್ 20ರಂದು, ಕೇರಳದ ಕಣ್ಣೂರಿನ ಬರ್ಣಶ್ಶೇರಿಯಲ್ಲಿ. ಹುಡುಗನಾಗಿರುವಾಗ ಕಾಲ್ಚೆಂಡಿನ ಹುಚ್ಚು. ಆದರೆ ಬಾಲ್ಯದಲ್ಲಿಯೇ ಬೆಂಗಳೂರಿಗೆ ಬಂದು ಸೇನೆಯ ಸರಬರಾಜು ದಳವಾದ ಎಎಸ್‌ಸಿಯ ಬಾಲಕರ ಪಡೆ ಸೇರಿದರು; ಅಲ್ಲಿ ಹಾಕಿಯ ಗೋಲ್‌ಕೀಪರಾಗಿ ಪಳಗಿದರು. ಅಲ್ಲಿಂದ ಮುಂದಿನ ಬದುಕೆಲ್ಲ ಬಹುಪಾಲು ಬೆಂಗಳೂರಿನದೇ. ಎಎಸ್‌ಸಿಯ ಪರವಾಗಿ, ಸರ್ವಿಸಸ್ ಪರವಾಗಿ, ಎಚ್‌ಎಎಲ್ ಪರವಾಗಿ, ಕಲ್ಕತ್ತೆಯ ಮೋಹನ್ ಬಗಾನ್ ಪರವಾಗಿ ಆಡಿದರು. ಪೆನಾಲ್ಟಿ ಸ್ಟ್ರೋಕುಗಳನ್ನು ತಡೆಯುವುದರಲ್ಲಿ ಅವರದು ಎತ್ತಿದ ಕೈ. ಗೋಲಿನಿಂದ ಏಳು ಗಜದಾಚೆ ಚೆಂಡಿಟ್ಟು, ನಡುವೆ ಯಾರೂ ಇಲ್ಲದೆ ಹೊಡೆಯುವ ಹೊಡೆತ ಅದು. ಪಂದ್ಯ ಸಮವಾಗಿ ಸ್ಟ್ರೋಕಿಗೆ ಬಂದಿತೆಂದರೆ ಇವರ ಪಕ್ಷದವರು ನಿಶ್ಚಿಂತರಾಗುತ್ತಿದ್ದರು. ಹಾಕಿ ವಲಯದಲ್ಲಿ ಅವರನ್ನು ಟೈಗರ್ ಎಂದೇ ಕರೆಯುತ್ತಿದ್ದರು.

1971ರಲ್ಲಿ ಭಾರತ ತಂಡ ಸೇರಿದ ಫ್ರೆಡರಿಕ್ ಏಳು ವರ್ಷ ದೇಶದ ಪರವಾಗಿ ಆಡಿದರು. 1972ರ ಮ್ಯೂನಿಕ್ ಒಲಿಂಪಿಕ್ಸಿಗೆ ಹೋದ ತಂಡದಲ್ಲಿ ಕೊಡಗಿನ ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ ಇಬ್ಬರೂ ಇದ್ದರು. ಉಪಾಂತ್ಯದಲ್ಲಿ ಪಾಕಿಸ್ತಾನಕ್ಕೆ 0-2ರಿಂದ ಸೋತು, ಮೂರನೆಯ ಸ್ಥಾನಕ್ಕೆ ನೆದರ್ಲೆಂಡ್ಸನ್ನು 2-1ರಿಂದ ಸೋಲಿಸಿ ಭಾರತ ಕಂಚು ಪಡೆಯಿತು. ಮರುವರ್ಷ ವಿಶ್ವಕಪ್ಪಿನಲ್ಲಿ ಬೆಳ್ಳಿ ಗೆದ್ದ ತಂಡದಲ್ಲಿಯೂ, 1978ರ ಬ್ಯೂನಸ್ ಐರಿಸ್ ವಿಶ್ವಕಪ್ ತಂಡದಲ್ಲಿಯೂ ಫ್ರೆಡರಿಕ್ ಇದ್ದರು. ಆ ಕಾಲದ ಹಾಕಿ ಹುಲ್ಲಿನ ಮೇಲಿನ ಆಟ. ಒಲಿಂಪಿಕ್ಸಿಗೆ ಕೃತಕ ಹಾಸು ಬಂದದ್ದು 1976ರಲ್ಲಿ. ಹುಲ್ಲಿನ ಮೇಲೆ ಚೆಂಡು ಎಲ್ಲಿ ಪುಟಿದೀತೆಂದು ಹೇಳಲಾಗದು. ಕಾಯುವವನ ಕಾಲಿಗೆ ಕ್ಯಾನ್‌ವಾಸಿನ ಕಾಲ್ಗಾಪು, ಕೈಗೆ ಗವಸು. ತಲೆಗೆ ಏನೂ ಇಲ್ಲ. ಪ್ಲಾಂಟ್ ಮುಖವಾಡ ತೊಟ್ಟು ಹದಿಮೂರು ವರ್ಷವಾದ ಮೇಲೆಯೂ ನಮ್ಮವರು ಬರಿಮುಖದಿಂದಲೇ ನಿಲ್ಲುತ್ತಿದ್ದರು.

ಒಲಿಂಪಿಕ್ಸ್ ಪದಕ ಗೆದ್ದ ಮೊದಲ ಕೇರಳೀಯನೆಂಬ ಕೀರ್ತಿ ಫ್ರೆಡರಿಕ್ ಅವರದು. ಆದರೆ ಹುಟ್ಟೂರಿನವರಿಗೆ ಅವರು ಬೆಂಗಳೂರಿನವರು, ಬೆಂಗಳೂರಿನವರಿಗೆ ಕೇರಳದವರು. ಎರಡು ರಾಜ್ಯಗಳ ನಡುವೆ ನಿಂತವರಿಗೆ ಮನ್ನಣೆ ತಡವಾಗಿಯೇ ಬರುತ್ತದೆ. ಕೇರಳ ಸರ್ಕಾರ ಕಣ್ಣೂರಿನಲ್ಲಿ ಅವರಿಗೊಂದು ಮನೆ ಕೊಟ್ಟಿತು. ಕೇಂದ್ರ ಸರ್ಕಾರದ ಧ್ಯಾನ್‌ಚಂದ್ ಪ್ರಶಸ್ತಿ ಬಂದದ್ದು 2019ರಲ್ಲಿ. ಪದಕ ಬಂದು ಆಗಲೇ ನಲವತ್ತೇಳು ವರ್ಷ. 2025ರ ಅಕ್ಟೋಬರ್ 31ರಂದು, ಎಪ್ಪತ್ತೆಂಟರ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ಅವರು ನಿಧನರಾದರು. ಆ ದಿನದ ವರದಿಗಳನ್ನು ಓದಿ, ಇಂಥವರೊಬ್ಬರು ಬೆಂಗಳೂರಿನಲ್ಲಿ ಇದ್ದರೇ ಎಂದು ಕೇಳಿದವರನ್ನು ನಾನು ಬಲ್ಲೆ.

ಕೊಡಗಿನಲ್ಲಿ ಹಾಕಿ ಮನೆಮನೆಯ ಆಟ. 1997ರಲ್ಲಿ ತೊಡಗಿದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ 2024ರ ಹೊತ್ತಿಗೆ 360 ಕುಟುಂಬಗಳ ತಂಡಗಳು ಆಡಿದವು. ಅಂದರೆ ಗೋಲು ಕಾಯಲು ಕಡಿಮೆಯೆಂದರೂ 360 ಜನ ನಿಂತಿರಬೇಕಷ್ಟೆ. ಆ ನೆಲದಿಂದ ಬಂದ ಅಂಜಪರವಂಡ ಸುಬ್ಬಯ್ಯ 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಭಾರತದ ಗೋಲ್‌ಕೀಪರಾಗಿದ್ದರು. ಅವರ ಸಮಕಾಲೀನರಾದ ಬೆಂಗಳೂರಿನ ಆಶಿಶ್ ಬಲ್ಲಾಳರ ಹೆಸರು 1998ರ ಬ್ಯಾಂಕಾಕ್ ಏಷ್ಯನ್ ಕ್ರೀಡೆಗಳೊಂದಿಗೆ ಸೇರಿಹೋಗಿದೆ. ಅಂತಿಮದಲ್ಲಿ ಭಾರತ, ದಕ್ಷಿಣ ಕೊರಿಯಾ 1-1ರ ಸಮ. ಸ್ಟ್ರೋಕುಗಳಲ್ಲಿ ಬಲ್ಲಾಳರ ತಡೆಗಳ ಬಲದಿಂದ ಭಾರತ 4-2ರಿಂದ ಗೆದ್ದಿತು. ಮೂವತ್ತೆರಡು ವರ್ಷಗಳ ಮೇಲೆ, ಲಕ್ಷ್ಮಣರ ನಾಯಕತ್ವದ ಚಿನ್ನದ ನಂತರ, ಏಷ್ಯನ್ ಕ್ರೀಡೆಗಳಲ್ಲಿ ಬಂದ ಚಿನ್ನ ಅದು. ಪ್ರತಿಫಲವೇನಾಯಿತೆಂದರೆ, ಗೆದ್ದ ತಂಡದ ಹಲವು ಪ್ರಮುಖರನ್ನು ಮುಂದಿನ ಸರಣಿಗೆ ಕೈಬಿಟ್ಟರು. ಅವರಲ್ಲಿ ಬಲ್ಲಾಳರೂ ಇದ್ದರು.

ಈ ಪರಂಪರೆಯಲ್ಲಿ ನ್ಯಾಯ ಸ್ವಲ್ಪಮಟ್ಟಿಗಾದರೂ ಸಂದುದು ಪಿ.ಆರ್. ಶ್ರೀಜೇಶರ ಕಾಲಕ್ಕೆ. ಅವರೂ ಕೇರಳದವರು, ರಾಷ್ಟ್ರೀಯ ತಂಡದ ತರಬೇತಿ ಶಿಬಿರ ಬೆಂಗಳೂರಿನ ಕ್ರೀಡಾ ಪ್ರಾಧಿಕಾರದಲ್ಲಿ ನಡೆಯುವುದರಿಂದ ಅವರ ಬೆವರು ಬಿದ್ದ ನೆಲವೂ ಬಹುಮಟ್ಟಿಗೆ ನಮ್ಮದೇ. 2021ರ ಆಗಸ್ಟ್ 5ರಂದು ಟೋಕಿಯೋದಲ್ಲಿ ಜರ್ಮನಿಯ ಎದುರು 5-4ರ ಮುನ್ನಡೆಯಿದ್ದಾಗ, ಕೊನೆಯ ಕ್ಷಣಗಳಲ್ಲಿ ಎದುರಾಳಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ವೃತ್ತದ ಅಂಚಿನಿಂದ ಬೀಸಿ ಹೊಡೆಯುವ ಆ ಹೊಡೆತ ಗೋಲು ಮುಟ್ಟಲು ಅರ್ಧ ಸೆಕೆಂಡಿನಷ್ಟೇ ಕಾಲ. ಶ್ರೀಜೇಶ್ ತಡೆದರು; ನಲವತ್ತೊಂದು ವರ್ಷಗಳ ಬಳಿಕ ಭಾರತದ ಹಾಕಿಗೆ ಒಲಿಂಪಿಕ್ಸ್ ಪದಕ ಬಂತು. 2024ರ ಪ್ಯಾರಿಸಿನಲ್ಲಿ ಬ್ರಿಟನ್ನಿನ ಎದುರು ಪಂದ್ಯದ ಬಹುಭಾಗ ಹತ್ತೇ ಜನ ಆಡಿದ ಭಾರತ 1-1ರ ಸಮ ಸಾಧಿಸಿತು. ಆಗ ನಡೆದ ಶೂಟೌಟಿನಲ್ಲಿ, ಎಂದರೆ 23 ಮೀಟರ್ ಗೆರೆಯಿಂದ ಒಬ್ಬನೇ ಎಂಟು ಸೆಕೆಂಡಿನೊಳಗೆ ನುಗ್ಗಿ ಹೊಡೆಯುವ ಪರೀಕ್ಷೆಯಲ್ಲಿ, ಭಾರತ 4-2ರಿಂದ ಗೆದ್ದಿತು. ಕೊನೆಗೆ ಸ್ಪೇನನ್ನು ಸೋಲಿಸಿ ಮತ್ತೆ ಕಂಚು. ಶ್ರೀಜೇಶ್ ಅಲ್ಲಿಗೇ ನಿವೃತ್ತರಾದರು. ಅವರು ತೊಡುತ್ತಿದ್ದ 16ನೆಯ ಅಂಕಿಯ ಅಂಗಿಯನ್ನು ಹಿರಿಯರ ತಂಡದಲ್ಲಿ ಇನ್ನಾರಿಗೂ ಕೊಡುವುದಿಲ್ಲವೆಂದು ಹಾಕಿ ಇಂಡಿಯಾ ಸಾರಿತು. ತಡೆದವನಿಗೂ ನಾಡು ಹೀಗೆ ತಲೆಬಾಗಬಲ್ಲದು ಎಂಬುದಕ್ಕೆ ಇದು ನಿದರ್ಶನ.

ಇಷ್ಟೆಲ್ಲ ಹೇಳಿದ ಮೇಲೆ ಹೊಟ್ಟೆಪಾಡಿನ ಮಾತನ್ನು ಮರೆಯಬಾರದು. ಹಿಮದ ಹಾಕಿಯ ಇಂದಿನ ಗೋಲ್‌ಕೀಪರನಿಗೆ ಆಟವೇ ಉದ್ಯೋಗ. ಅವನ ಕರಾರು, ವೈದ್ಯಕೀಯ, ನಿವೃತ್ತಿವೇತನ ಎಲ್ಲಕ್ಕೂ 1967ರಲ್ಲಿ ಕಟ್ಟಿದ ಆಟಗಾರರ ಸಂಘದ ಬೆಂಬಲವಿದೆ. ನಮ್ಮ ಹಾಕಿಯ ಆಟಗಾರ ಬಹುಕಾಲ ಹೆಸರಿಗೆ ಹವ್ಯಾಸಿ. ಸೇನೆ, ರೈಲ್ವೆ, ಬ್ಯಾಂಕು, ವಿಮಾನ ಕಾರ್ಖಾನೆ, ಇವುಗಳಲ್ಲಿ ಒಂದು ನೌಕರಿ ಕೊಟ್ಟು ತಂಡಕ್ಕೆ ಆಡಿಸಿಕೊಳ್ಳುತ್ತಿದ್ದರು. ಆ ಸಂಸ್ಥೆಗಳು ಮಾಡಿದ ಉಪಕಾರ ಸಣ್ಣದಲ್ಲ. ಅವಿಲ್ಲದಿದ್ದರೆ ಬೆಂಗಳೂರಿನಲ್ಲಿ ಹಾಕಿಯೇ ಇರುತ್ತಿರಲಿಲ್ಲ. ಆದರೆ ಮಂಡಿ ಸವೆದ, ಬೆರಳು ಮುರಿದ ನಲವತ್ತರ ಮನುಷ್ಯನಿಗೆ ನೌಕರಿಯಾಚೆ ಏನು ಉಳಿಯಿತು ಎಂದು ಕೇಳುವವರು ಇರಲಿಲ್ಲ. ಸಾಚಕನಿಗೂ ಲಕ್ಷ್ಮಣರಿಗೂ ನಡುವೆ ಅರ್ಧ ಭೂಮಂಡಲದ ಅಂತರವಿದ್ದರೂ ಕೊನೆಯ ದಿನಗಳ ಕಹಿಯಲ್ಲಿ ಅಂತರ ಬಹಳವಿಲ್ಲ.

ನಮ್ಮ ಹಿಂದಿನವರು ಈ ವಿಷಯದಲ್ಲಿ ನಮಗಿಂತ ಉದಾರಿಗಳಾಗಿದ್ದರು ಎಂದು ನನಗೆ ತೋರುತ್ತದೆ. ಕನ್ನಡನಾಡಿನ ಊರೂರುಗಳಲ್ಲಿ ವೀರಗಲ್ಲುಗಳಿವೆ. ಅವುಗಳಲ್ಲಿ ಎಷ್ಟೋ ಕಲ್ಲುಗಳು ರಾಜ್ಯ ಗೆದ್ದವರವಲ್ಲ. ಊರ ದನಗಳನ್ನು ಕಳ್ಳರು ಹೊಡೆದುಕೊಂಡು ಹೋಗದಂತೆ ಅಡ್ಡ ನಿಂತು ಮಡಿದವರವು. ಹೊಸದಾಗಿ ಏನನ್ನೂ ತಾರದೆ, ಇದ್ದುದನ್ನು ಹೋಗಗೊಡದೆ ನಿಂತವನಿಗೆ ಊರು ಕಲ್ಲು ನಿಲ್ಲಿಸಿತು. ತಡೆದವನ ಕೆಲಸಕ್ಕೆ ಸಾಕ್ಷಿ ಇಲ್ಲದ ಕೊರತೆಯನ್ನು ಅವರು ಕಲ್ಲಿನಿಂದ ತುಂಬಿದರು. ಸತ್ತಮೇಲೆ ನಿಲ್ಲಿಸಿದ್ದು ಎಂಬುದೊಂದೇ ಅದರಲ್ಲಿ ಉಳಿದ ಕುಂದು.

ಈಗ ಶಾಲೆಯ ಬಯಲಿನ ಮಾತು. ವಡಗೇರಾ ಭಾಗದಲ್ಲಿ ಹಲವು ವರ್ಷ ಪಾಠ ಹೇಳಿದ ನಾನು ಗಮನಿಸಿದ್ದೆಂದರೆ, ಮಕ್ಕಳು ಯಾವ ಚೆಂಡಾಟಕ್ಕೆ ಸೇರಿದರೂ ಗೋಲಿಗೆ ನಿಲ್ಲಿಸುವುದು ಓಡಲಾರದವನನ್ನು, ಇಲ್ಲವೇ ಹೊಸದಾಗಿ ಶಾಲೆಗೆ ಸೇರಿದವನನ್ನು. ಕಲ್ಲು ಎರಡು ಇಟ್ಟು, ಇದರ ನಡುವೆ ನಿಲ್ಲು ಎಂದು ಹೇಳಿ ಓಡುತ್ತಾರೆ. ಆ ಹುಡುಗ ತಡೆದಾಗ ಯಾರೂ ತಿರುಗಿ ನೋಡರು. ಬಿಟ್ಟಾಗ ಎಲ್ಲರೂ ತಿರುಗುತ್ತಾರೆ. ಮಕ್ಕಳು ಇದನ್ನು ನಮ್ಮಿಂದಲೇ ಕಲಿತಿದ್ದಾರೆ. ಊರಲ್ಲಿ ಕಾಲರಾ ಬಾರದಂತೆ ಬಾವಿಗೆ ಮದ್ದು ಹಾಕಿದವನನ್ನು, ಕೆರೆಯ ಏರಿ ಒಡೆಯದಂತೆ ಮಳೆಯಲ್ಲಿ ರಾತ್ರಿಯೆಲ್ಲ ಕಾದವನನ್ನು ನಾವು ನೆನೆಯುತ್ತೇವೆಯೆ? ಏನೂ ಆಗಲಿಲ್ಲವಲ್ಲ ಎಂದು ಮರೆತುಬಿಡುತ್ತೇವೆ. ಏನೂ ಆಗಲಿಲ್ಲವೆಂಬುದೇ ಅವರ ಕೆಲಸದ ಫಲ.

ಹಿಮದ ಹಾಕಿಯೇನೂ ನಮ್ಮ ದೇಶಕ್ಕೆ ತೀರ ಹೊರಗಿನದಲ್ಲ. ಲಡಾಖಿನಲ್ಲಿ ಚಳಿಗಾಲಕ್ಕೆ ಹೆಪ್ಪುಗಟ್ಟಿದ ಕೆರೆಗಳ ಮೇಲೆ ಹುಡುಗ ಹುಡುಗಿಯರು ಅದನ್ನು ಆಡುತ್ತಾರೆ. 2025ರಲ್ಲಿ ಅಲ್ ಐನ್ ನಗರದಲ್ಲಿ ನಡೆದ ಏಷ್ಯಾ ಕಪ್ಪಿನಲ್ಲಿ ಭಾರತದ ಮಹಿಳೆಯರು ಕಂಚು ಗೆದ್ದರು. ಅಲ್ಲಿಯೂ ಗೋಲಿನ ಮುಂದೆ ಒಬ್ಬಳು ಹುಡುಗಿ ಭಾರದ ಕಾಲ್ಗಾಪು ಕಟ್ಟಿಕೊಂಡು ನಿಂತಿದ್ದಳು.

ಉಪಾಧ್ಯಾಯರಿಗೂ ತಾಯಿತಂದೆಯರಿಗೂ ನನ್ನ ಬಿನ್ನಹ ಇಷ್ಟೇ. ಮುಂದಿನ ಸಲ ಮಕ್ಕಳ ಆಟವನ್ನು ನೋಡುವಾಗ ಹೊಡೆದ ಗೋಲುಗಳನ್ನು ಎಣಿಸುವಂತೆ ತಡೆದವನ್ನೂ ಎಣಿಸಿರಿ; ಒಂದು ಕಾಗದದ ಚೂರಿನಲ್ಲಿ ಬರೆದುಕೊಂಡು ಆಟ ಮುಗಿದ ಮೇಲೆ ಆ ಸಂಖ್ಯೆಯನ್ನು ಎಲ್ಲರ ಎದುರಿಗೆ ಗಟ್ಟಿಯಾಗಿ ಓದಿ ಹೇಳಿರಿ. ಕಾಯುವ ಹುಡುಗನ ಮುಖದಲ್ಲಿ ಆಗುವ ಬದಲಾವಣೆಯನ್ನು ನಾನು ಹಲವು ಸಲ ಕಂಡಿದ್ದೇನೆ. ಮರುದಿನ ಆ ಜಾಗಕ್ಕೆ ಅವನನ್ನು ಯಾರೂ ದೂಡಬೇಕಾಗುವುದಿಲ್ಲ. ಅವನೇ ಹೋಗಿ ನಿಲ್ಲುತ್ತಾನೆ.